ಚಿರತೆಗೆ ಗುಡಿ, ವಾರ್ಲಿಗೆ ಗಡಿ

ಕೋಟಿ ಜನ ದಾಟಿದ ಮುಂಬಯಿಯ ಮಗ್ಗುಲಲ್ಲೇ ಐವತ್ತು ಚಿರತೆಗಳು ಓಡಾಡಿಕೊಂಡಿವೆ. ಅವುಗಳ ಜೊತೆ ತಲೆಮಾರುಗಳಿಂದ ಬಾಳುವೆ ಮಾಡಿದ ವಾರ್ಲಿ ಆದಿವಾಸಿಗಳಿಗೆ ಅರಣ್ಯ ಇಲಾಖೆ ದಿನಗೂಲಿ ಕೊಟ್ಟಿದೆ, ಸಂಶೋಧಕರು ಕಿವಿ ಕೊಟ್ಟಿದ್ದಾರೆ, ನಗರ ತನ್ನ ಗೋಡೆಗಳನ್ನೇ ಅವರ ಚಿತ್ತಾರಕ್ಕೆ ಬಿಟ್ಟುಕೊಟ್ಟಿದೆ. ಕೊಡದೆ ಉಳಿದದ್ದು ಒಂದೇ: ಆ ನೆಲದ ಬಗ್ಗೆ ನಾಲ್ಕು ಮಾತಾಡುವ ಹಕ್ಕು.

ಮುಂಗಾರು ಹಿಡಿದ ವಾರ. ಗೋರೆಗಾಂವ್ ಪೂರ್ವದಲ್ಲಿ ಸ್ಟೇಷನ್ ಮೆಟ್ಟಿಲಿಳಿದು ರಿಕ್ಷಾ ಸಾಲಿನತ್ತ ತಿರುಗಿದರೆ, ಫುಟ್‌ಪಾತಿನ ಅಂಚಿಗೆ ಗೋಣಿ ಹಾಸಿಕೊಂಡು ಕುಳಿತ ಹೆಂಗಸರು. ಮುಂದೆ ತಕ್ಕಡಿ ಇಲ್ಲ, ಎಲ್ಲವೂ ಕಟ್ಟಿನ ಲೆಕ್ಕ. ತೇಗದ ಎಲೆ ಸರಿಸಿದರೆ ಒಳಗೆ ಉದ್ದನೆಯ ಕಂದುಗೆಂಪು ಮೊಗ್ಗಿನಂಥ ಶೇವಳಾ. ಪಕ್ಕದಲ್ಲಿ ಎಳೆಯ ಟಾಕಳಾ, ಕುರ್ಡು, ಮಣ್ಣು ಮೆತ್ತಿದ ಕೆಸುವಿನೆಲೆ.

‘ಮಾವಶಿ, ಟಾಕಳಾ ಕಸಾ ದಿಲಾ?’ ಎಂದು ಕೊಡೆ ಮಡಚುತ್ತ ಬಾಗುವವರು ನಮ್ಮೂರಿನವರೇ. ಮರಾಠಿಯಲ್ಲಿ ಚೌಕಾಸಿ ಮಾಡಿ ಕೊಂಡ ಸೊಪ್ಪು ಚೀಲ ಸೇರುವಷ್ಟರಲ್ಲಿ ತುಳುವಿನ ತಜಂಕ್ ಆಗಿರುತ್ತದೆ. ಆಟಿ ತಿಂಗಳಿಗೆ ಇನ್ನೂ ದಿನಗಳಿವೆ, ಆದರೆ ಗೋರೆಗಾಂವ್, ಮಲಾಡ್, ಬೊರಿವಲಿಯ ತುಳುವರ ಅಡುಗೆಮನೆ ಅಷ್ಟು ಕಾಯುವುದಿಲ್ಲ.

ಶೇವಳಾ ಕೊಳ್ಳುವವರಿಗೆ ಮಾತ್ರ ಒಂದು ಪಾಠ ಪುಕ್ಕಟೆ. ಅದು ಸುವರ್ಣಗೆಡ್ಡೆಯ ಕಾಡುಬಳಗದ್ದು, ಹಾಗೇ ಬೇಯಿಸಿದರೆ ಗಂಟಲು ಹಿಡಿದುಕೊಳ್ಳುತ್ತದೆ. ಕಾಕಡ ಎಂಬ ಕಾಡುಮರದ ಹುಳಿಕಾಯಿ ಜೊತೆಗೆ ಬೀಳಬೇಕು. ಮಾರುವವಳು ಕಟ್ಟಿನ ಜೊತೆ ನಾಲ್ಕು ಕಾಕಡ ಎಣಿಸಿ ಇಡುತ್ತಾಳೆ. ಶೇವಳಾ ನೆಲದಿಂದ ಮೂತಿ ಹೊರಹಾಕುವ ಹೊತ್ತಿಗೇ ಕಾಕಡವೂ ಕಾಯಿ ಬಿಟ್ಟಿರುತ್ತದೆ. ಯಾವ ಮರ, ಯಾವ ಬದಿ, ಎಷ್ಟು ಕಿತ್ತರೆ ಮುಂದಿನ ವರ್ಷಕ್ಕೆ ಗಡ್ಡೆ ಉಳಿಯುತ್ತದೆ ಎಂಬುದು ಆಕೆಗೆ ಗೊತ್ತು. ಆ ತಿಳಿವಳಿಕೆ ಯಾವ ಸರ್ಕಾರಿ ದಾಖಲೆಯಲ್ಲೂ ಇಲ್ಲ.

ದಾಖಲೆಯಲ್ಲಿ ಇರುವುದು ಬೇರೆ. ಆಕೆ ಸೊಪ್ಪು ಕಿತ್ತು ತಂದ ನೆಲ ಯಾರದು ಎಂಬ ಪ್ರಶ್ನೆಗೆ ಮುಂಬಯಿಯ ಕಚೇರಿಗಳಲ್ಲಿ ಹಲವು ಉತ್ತರಗಳಿವೆ. ಅವುಗಳಲ್ಲಿ ಆಕೆಯ ಹೆಸರು ಬರುವುದು ಕೊನೆಗೆ, ಬಂದರೆ.

ಹಲವು ಯಜಮಾನರ ನೆಲ

ಮುಂಬಯಿಯ ಉತ್ತರಕ್ಕೆ ಬೊರಿವಲಿಯಿಂದ ಠಾಣೆಯವರೆಗೆ ಹಬ್ಬಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರಿನ ಕಾಡು. ನಮ್ಮ ಮಾತಿನಲ್ಲಿ ಅದು ಇಂದಿಗೂ ‘ನ್ಯಾಷನಲ್ ಪಾರ್ಕ್’. ಅದರ ದಕ್ಷಿಣಕ್ಕೆ ಅಂಟಿಕೊಂಡ ನೆಲ ಆರೆ. ಎರಡರ ನಡುವೆ ಚಿರತೆಗೆ ಕಾಣುವ ಬೇಲಿ ಯಾವುದೂ ಇಲ್ಲ.

ಈ ಎರಡೂ ಕಡೆ ವಾರ್ಲಿಗಳ ಪಾಡಾಗಳಿವೆ, ಅಂದರೆ ಹಾಡಿಗಳು. ಸಮುದ್ರದಂಡೆಯ ವರ್ಲಿ ಬಡಾವಣೆಗೂ ಈ ಜನಕ್ಕೂ ಗೊಂದಲ ಬೇಡ. ವಾರ್ಲಿಗಳ ಜೊತೆಗೆ ಮಲ್ಹಾರ ಕೋಳಿ, ಕೋಕಣಾ, ಕಾತಕರಿ ಸಮುದಾಯಗಳೂ ಇವೆ. ಆರೆಯೊಂದರಲ್ಲೇ 27 ಪಾಡಾಗಳೆಂದು ಅಲ್ಲಿನವರ ಲೆಕ್ಕ. ಮಳೆಗಾಲದಲ್ಲಿ ಚೂರುಪಾರು ಗದ್ದೆಯಲ್ಲಿ ಭತ್ತ, ಬೇಲಿಗೆ ಹೀರೆ-ಸೋರೆ, ಅಂಗಳದಂಚಿಗೆ ಹಲಸು, ಮಾವು, ತಾಳೆ.

1949ರ ಸುಮಾರಿಗೆ ಇಲ್ಲಿಗೆ ಎಮ್ಮೆಗಳು ಬಂದವು. ಮುಂಬಯಿಯ ಗಲ್ಲಿಗಳಲ್ಲಿದ್ದ ತಬೇಲಾಗಳನ್ನು ಊರ ಹೊರಗೆ ಸಾಗಿಸಿ ಶುದ್ಧ ಹಾಲು ಕೊಡಬೇಕೆಂಬ ಯೋಜನೆ ದಾರಾ ಖುರೋಡಿಯವರದು. 1951ರ ಮಾರ್ಚ್‌ನಲ್ಲಿ ಪ್ರಧಾನಿ ನೆಹರೂ ಬಂದು ಸಸಿ ನೆಟ್ಟು ಆರೆ ಮಿಲ್ಕ್ ಕಾಲೊನಿಯನ್ನು ಉದ್ಘಾಟಿಸಿದರು. 1963ರಲ್ಲಿ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಖುರೋಡಿಯವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಯೋಜನೆ ದೊಡ್ಡದೇ. ಅದಕ್ಕೆ ತೆಗೆದುಕೊಂಡ ಮೂರು ಸಾವಿರ ಎಕರೆ ಮೀರಿದ ನೆಲದಲ್ಲಿ ಆಗಲೇ ಒಲೆ ಹೊತ್ತಿಸಿಕೊಂಡಿದ್ದವರು ಮಾತ್ರ ಒಂದು ಬೆಳಿಗ್ಗೆ ಎದ್ದು ನೋಡುವಾಗ ಹೈನುಗಾರಿಕೆ ಇಲಾಖೆಯ ಜಾಗದಲ್ಲಿದ್ದರು.

ಆಮೇಲೆ ಆರೆ ತುಂಡುತುಂಡಾಗಿ ಹಂಚಿಹೋಯಿತು. 1977ರಲ್ಲಿ ಫಿಲ್ಮ್ ಸಿಟಿ ಎದ್ದಿತು. ಪಶುವೈದ್ಯಕೀಯ ಕಾಲೇಜು, ಮೀಸಲು ಪೊಲೀಸ್ ಪಡೆ, 26/11ರ ದಾಳಿಯ ನಂತರ ಕಟ್ಟಿದ ಕಮಾಂಡೊ ಪಡೆ ಫೋರ್ಸ್ ಒನ್, ಹೀಗೆ ಒಂದೊಂದಕ್ಕೂ ಒಂದೊಂದು ಪಾಲು. ಇಲಾಖೆಯಿಂದ ಇಲಾಖೆಗೆ ನೆಲ ಕೈ ಬದಲಾಯಿಸಿದಾಗಲೆಲ್ಲ ಪಾಡಾದ ಯಜಮಾನ ಬದಲಾದ, ಪಾಡಾಕ್ಕೇ ಗೊತ್ತಿಲ್ಲದಂತೆ.

ಇದರ ಫಲವೇನೆಂದು ತಿಳಿಯಬೇಕಾದರೆ ನವಸಾಚಾ ಪಾಡಾವನ್ನು ಕೇಳಬೇಕು. ಪಶುವೈದ್ಯಕೀಯ ಕಾಲೇಜಿನ ಆವರಣಕ್ಕೆ ಸೇರಿದ ಜಾಗದ ಈ ಪಾಡಾ, ಸುತ್ತ ಇಡೀ ಗೋರೆಗಾಂವ್ ಝಗಮಗಿಸುತ್ತಿದ್ದರೂ ದಶಕಗಳ ಕಾಲ ಕತ್ತಲಲ್ಲಿತ್ತು. ಕರೆಂಟಿನ ಕಂಬ ಹಾಕಲು ಜಾಗದ ಒಡೆಯರ ‘ನಿರಾಕ್ಷೇಪಣಾ ಪತ್ರ’ ಬೇಕು. ಒಡೆಯರು ಯಾವುದೋ ಕಚೇರಿಯಲ್ಲಿದ್ದಾರೆ, ಮನೆಯಲ್ಲಿ ಬದುಕುವವರು ಆ ಕಚೇರಿಯ ಹೊರಗೆ ನಿಂತಿದ್ದಾರೆ. ಹೆಂಚು ಬದಲಿಸಲು, ಶೌಚಾಲಯ ಕಟ್ಟಲು, ನಲ್ಲಿ ಹಾಕಿಸಲು ಅದೇ ಪತ್ರ, ಅದೇ ಕಾಯುವಿಕೆ.

▪ ಮಳೆಗಾಲದ ಬುಟ್ಟಿ
ಟಾಕಳಾ: ಕನ್ನಡದ ತಗಚೆ, ತುಳುವರ ತಜಂಕ್. ಮೊದಲ ಮಳೆಗೇ ದಾರಿಬದಿಯಲ್ಲಿ ಏಳುತ್ತದೆ.
ಕುರ್ಡು: ಬಯಲುಸೀಮೆಯವರ ಅಣ್ಣೆ ಸೊಪ್ಪು.
ಕರ್ಟೋಲಿ: ಮಡಹಾಗಲ. ಬೆಲೆ ಕೇಳಿ ಬೆಚ್ಚಬಾರದು, ಬಳ್ಳಿ ಹುಡುಕುವುದೇ ಅರ್ಧ ದಿನದ ಕೆಲಸ.
ಅಳು: ಕೆಸು. ಪತ್ರೊಡೆಗೆ ಬೇಕಾದ್ದು ಇದೇ. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕರೆ ಅದೃಷ್ಟ.
ಶೇವಳಾ: ಕಾಕಡ ಇಲ್ಲದೆ ಒಲೆಗೇರಿಸಬೇಡಿ.

ಆ ಅಕ್ಟೋಬರ್ ರಾತ್ರಿ

2019ರ ಅಕ್ಟೋಬರ್ 4, ಶುಕ್ರವಾರ. ಮೆಟ್ರೊ-3ರ ಕಾರ್‌ಶೆಡ್‌ಗಾಗಿ ಆರೆಯ ಮರ ಕಡಿಯುವುದನ್ನು ಪ್ರಶ್ನಿಸಿದ ಅರ್ಜಿಗಳನ್ನು ಬಾಂಬೆ ಹೈಕೋರ್ಟ್ ಬೆಳಿಗ್ಗೆ ವಜಾ ಮಾಡಿತು. ಕತ್ತಲಾಗುತ್ತಿದ್ದಂತೆ ಗರಗಸದ ಸದ್ದು. ಸುದ್ದಿ ಫೋನಿನಿಂದ ಫೋನಿಗೆ ಹಾರಿ ನೂರಾರು ಜನ ಗೇಟಿಗೆ ಮುತ್ತಿದರು. ನಿಷೇಧಾಜ್ಞೆ ಜಾರಿಯಾಯಿತು. 29 ಮಂದಿಯನ್ನು ಜೈಲಿಗಟ್ಟಿದರು.

ಕಾನೂನು ವಿದ್ಯಾರ್ಥಿಗಳು ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟು ಅಕ್ಟೋಬರ್ 7ರಂದು ‘ಇನ್ನು ಕಡಿಯಬೇಡಿ’ ಎಂದಿತು. ಕಡಿಯಬೇಕಾದಷ್ಟನ್ನು ಕಡಿದಾಗಿದೆ ಎಂದು ಸರ್ಕಾರ ಉತ್ತರಿಸಿತು. ಎರಡು ದಿನದ ಚಿಲ್ಲರೆಯಲ್ಲಿ 2,141 ಮರ ನೆಲಕ್ಕೆ ಬಿದ್ದಿದ್ದವು. ಒಂದು ಬೀದಿ ಗುಂಡಿ ಮುಚ್ಚಲು ಮಳೆಗಾಲ ಕಳೆಯುವ ನಗರದಲ್ಲಿ ಇಂಥ ಚುರುಕುತನ ಅಪರೂಪ ಎಂದು ಆಗ ಜನ ಆಡಿಕೊಂಡದ್ದು ಸುಳ್ಳಲ್ಲ.

ಮರಗಳ ಕತೆ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅದೇ ಕಾರ್‌ಶೆಡ್ಡಿಗಾಗಿ ಪ್ರಜಾಪುರ ಪಾಡಾದ ಕುಟುಂಬಗಳನ್ನು ಎಬ್ಬಿಸಿ ಪುನರ್ವಸತಿಯ ಬಹುಮಹಡಿ ಕಟ್ಟಡಗಳಿಗೆ ಸಾಗಿಸಿದ ಕತೆಗೆ ಅಷ್ಟು ಕ್ಯಾಮೆರಾ ಬರಲಿಲ್ಲ. ಗದ್ದೆ, ತರಕಾರಿ, ಕೋಳಿ ಇದ್ದವರಿಗೆ ಸಿಕ್ಕದ್ದು ಲಿಫ್ಟಿರುವ ಕಟ್ಟಡದಲ್ಲೊಂದು ಕೋಣೆ. ನಗರದ ಲೆಕ್ಕದಲ್ಲಿ ಅದು ಬಡ್ತಿ. ಬಾಡಿಗೆ ಮನೆಯಲ್ಲಿ ಆಯುಷ್ಯ ಸವೆಸಿದ ನಮಗೂ ಮೊದಲ ನೋಟಕ್ಕೆ ಹಾಗೇ ಅನಿಸುತ್ತದೆ. ಆದರೆ ದಿನದ ಸೊಪ್ಪು, ಅಕ್ಕಿ, ಸೌದೆ ಎಲ್ಲವನ್ನೂ ನೆಲದಿಂದ ತೆಗೆಯುವವನನ್ನು ಆರನೇ ಮಹಡಿಗೆ ಏರಿಸಿದರೆ ಅವನ ತಿಂಗಳ ಖರ್ಚು ಏನಾಗುತ್ತದೆ ಎಂಬ ಲೆಕ್ಕ ಯಾವ ಯೋಜನಾ ವರದಿಯಲ್ಲೂ ಇರುವುದಿಲ್ಲ.

ಆ ಹೋರಾಟದಲ್ಲಿ ಪರಿಸರವಾದಿಗಳ ಜೊತೆ ಪಾಡಾದವರು ನಿಂತರು. ಕೇಲ್ಟಿಪಾಡಾದ ವಾರ್ಲಿ ಕಲಾವಿದ ಪ್ರಕಾಶ್ ಭೋಯಿರ್ ಅವರ ಮುಖ ಟಿವಿ ನೋಡಿದವರಿಗೆಲ್ಲ ಪರಿಚಯವಾಯಿತು. ಹೊರಗಿನವರು ‘ಆರೆ ಉಳಿಸಿ’ ಎಂದರು. ಒಳಗಿನವರ ಬೇಡಿಕೆ ಅದಕ್ಕಿಂತ ಒಂದು ಹೆಜ್ಜೆ ಮುಂದಿತ್ತು: ನಮ್ಮನ್ನು ಕೇಳಿ ಉಳಿಸಿ.

ಕಾಡಾದರೂ ಕಷ್ಟ, ಅಲ್ಲದಿದ್ದರೂ ಕಷ್ಟ

ಸರ್ಕಾರ ಬದಲಾಯಿತು. 2020ರ ಸೆಪ್ಟೆಂಬರಿನಲ್ಲಿ ಆರೆಯ 600 ಎಕರೆಯನ್ನು ಮೀಸಲು ಅರಣ್ಯ ಮಾಡುವ ಘೋಷಣೆ ಬಂತು. ಮರು ತಿಂಗಳೇ ಅದು 800 ದಾಟಿತು. 2021ರ ಜೂನಿನಲ್ಲಿ 812 ಎಕರೆ ರಾಷ್ಟ್ರೀಯ ಉದ್ಯಾನದ ಆಡಳಿತದ ಕೈಗೆ ಬಂತು. ಕಾರ್‌ಶೆಡ್ ಕಾಂಜುರ್‌ಮಾರ್ಗಕ್ಕೆ ಹೋಯಿತು, ಅಲ್ಲಿ ಕೋರ್ಟಿನಲ್ಲಿ ಸಿಕ್ಕಿಬಿತ್ತು, 2022ರಲ್ಲಿ ಮತ್ತೆ ಸರ್ಕಾರ ಬದಲಾಗಿ ಆರೆಗೇ ಮರಳಿತು. 84 ಮರಕ್ಕೆ ಅನುಮತಿ ಕೇಳಿದ್ದ ಮೆಟ್ರೊ ನಿಗಮ 177ಕ್ಕೆ ಪಾಲಿಕೆಯ ಬಾಗಿಲು ತಟ್ಟಿದ್ದಕ್ಕೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 10 ಲಕ್ಷ ರೂಪಾಯಿ ದಂಡ ಹಾಕಿತು. ಕಡಿಯಲು ಅನುಮತಿಯನ್ನೂ ಕೊಟ್ಟಿತು.

ಇಷ್ಟೆಲ್ಲ ಹಗ್ಗಜಗ್ಗಾಟದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು: ಆರೆ ಕಾಡೋ, ಅಲ್ಲವೋ?

ಕಾಡಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದಾಗ ಮರಕ್ಕೆ ರಕ್ಷಣೆ ತಪ್ಪಿತು. ಜೊತೆಗೆ 2006ರ ಅರಣ್ಯ ಹಕ್ಕು ಕಾಯ್ದೆಯೂ ಅಲ್ಲಿಗೆ ಸಲ್ಲದಾಯಿತು, ಅದು ಅರಣ್ಯಭೂಮಿಗೆ ಮಾತ್ರ ಬರುವ ಕಾಯ್ದೆ. ಕಾಡು ಎಂದು ಸರ್ಕಾರ ಘೋಷಿಸಿದಾಗ ಮರ ಬದುಕಿತು. ಆದರೆ ಮೀಸಲು ಅರಣ್ಯದ ಒಳಗೆ ದನ ಅಟ್ಟುವುದು, ಸೌದೆ ತರುವುದು, ಸೊಪ್ಪು ಕೀಳುವುದು ಎಲ್ಲಕ್ಕೂ ಅರಣ್ಯಾಧಿಕಾರಿಯ ಮುಖ ನೋಡಬೇಕು. ಪರಿಸರಪ್ರೇಮಿಗಳು ಸಿಹಿ ಹಂಚಿದ ದಿನ ಪಾಡಾಗಳಲ್ಲಿ ಕೆಲವರು ಹುಬ್ಬುಗಂಟಿಕ್ಕಿದ್ದರಲ್ಲಿ ಅರ್ಥವಿತ್ತು.

ಪಕ್ಕದ ರಾಷ್ಟ್ರೀಯ ಉದ್ಯಾನದ ಅನುಭವ ಅವರ ಕಣ್ಣೆದುರಿಗೇ ಇತ್ತು. ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ 1995ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಹೈಕೋರ್ಟು 1997ರ ಮೇ ತಿಂಗಳಲ್ಲಿ ಉದ್ಯಾನದ ಒತ್ತುವರಿ ತೆರವಿಗೆ ಆದೇಶಿಸಿತು. ಜೋಪಡಿಗಳ ಮೇಲೆ ಬುಲ್ಡೋಜರ್ ಹರಿಯಿತು. ಕಾಡಿಗೆ ಆ ಆದೇಶ ಬೇಕಿತ್ತು, ಅದಿಲ್ಲದಿದ್ದರೆ ಇಂದು ಅಲ್ಲಿ ಎಷ್ಟು ಹಸಿರು ಉಳಿಯುತ್ತಿತ್ತೋ ಅನುಮಾನ. ಆದರೆ ನಿನ್ನೆ ಮೊನ್ನೆ ಬಂದು ಶೀಟು ಹೊದಿಸಿಕೊಂಡವರಿಗೂ, ಉದ್ಯಾನ ಹುಟ್ಟುವ ಮೊದಲೇ ಅಲ್ಲಿದ್ದವರಿಗೂ ಹಿಡಿದ ಜರಡಿ ಒಂದೇ. ಆ ಸುಳಿಯಿಂದ ಪಾಡಾಗಳು ಇನ್ನೂ ಪೂರ್ತಿ ಹೊರಬಂದಿಲ್ಲ.

ಅರಣ್ಯ ಹಕ್ಕು ಕಾಯ್ದೆ ಹುಟ್ಟಿದ್ದೇ ಈ ಗೋಜಲು ಬಿಡಿಸಲಿಕ್ಕೆ. 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ಉಳುಮೆ-ವಾಸ ಇದ್ದ ಆದಿವಾಸಿಗೆ ನಾಲ್ಕು ಹೆಕ್ಟೇರ್ ಮಿತಿಯೊಳಗೆ ಹಕ್ಕು. ಅರ್ಜಿ ಇತ್ಯರ್ಥವಾಗುವ ತನಕ ಎಬ್ಬಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಸಮುದಾಯದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕೂ ಸಮುದಾಯದ್ದೇ. ರಾಷ್ಟ್ರೀಯ ಉದ್ಯಾನವೂ ಈ ಕಾಯ್ದೆಯ ಹೊರಗಿಲ್ಲ.

ಆದರೆ ಕಾಯ್ದೆಯ ಮೊದಲ ಮೆಟ್ಟಿಲು ಗ್ರಾಮಸಭೆ. ಮಹಾನಗರಪಾಲಿಕೆಯ ವಾರ್ಡಿನೊಳಗೆ ಗ್ರಾಮಸಭೆಯನ್ನು ಎಲ್ಲಿಂದ ತರುವುದು? ಪಂಚಾಯತಿಗಳಿಲ್ಲದ ರಾಜ್ಯಗಳಲ್ಲಿ ಪಾಡಾ, ಟೋಲಾದಂಥ ಸಾಂಪ್ರದಾಯಿಕ ಸಂಸ್ಥೆಗಳೇ ಗ್ರಾಮಸಭೆ ಎಂದು ಕಾಯ್ದೆಯಲ್ಲೇ ಬರೆದಿದೆ. ಪಂಚಾಯತಿಯಿಲ್ಲದ ನಗರದ ಪಾಡಾಕ್ಕೂ ಅದೇ ನ್ಯಾಯ ಹಚ್ಚಲು ಅಡ್ಡಿ ಕಾನೂನಿಗಿಂತ ಹೆಚ್ಚಾಗಿ ಮನಸ್ಸಿನದು. ಮುಂಬಯಿಯಲ್ಲಿ ಆದಿವಾಸಿಗಳಿದ್ದಾರೆ ಎಂಬುದನ್ನೇ ಒಪ್ಪಲು ರಾಜ್ಯದ ಸಚಿವಾಲಯವಾದ ಮಂತ್ರಾಲಯಕ್ಕೆ ಬಹಳ ಕಾಲ ಹಿಡಿಯಿತು.

ವಾಘೋಬನ ಕರಾರು

ಇನ್ನು ಚಿರತೆಯ ವಿಷಯ. ಈ ಕತೆಯ ಜೀವ ಇರುವುದು ಇಲ್ಲಿ.

ದೀಪಾವಳಿಯ ಮೊದಲ ದಿನ ಉಳಿದ ಮರಾಠಿಗರ ಮನೆಗಳಲ್ಲಿ ವಸುಬಾರಸ್, ಹಸು-ಕರುವಿನ ಪೂಜೆ. ಅದೇ ದಿನ ವಾರ್ಲಿಗಳಿಗೆ ವಾಘಬಾರಸ್, ಹಸು-ಕರುವನ್ನು ತಿನ್ನುವವನ ಪೂಜೆ. ಸಿಂಧೂರ ಬಳಿದ ಮರದ ಹಲಗೆಯ ಮೇಲೆ ಅಥವಾ ಕಲ್ಲಿನ ಮೇಲೆ ಕೊರೆದ ಹುಲಿ ಅಥವಾ ಚಿರತೆ, ಮೇಲೆ ಸೂರ್ಯ ಚಂದ್ರ. ಹೆಸರು ವಾಘೋಬಾ. ಪೂಜಾರಿ ಭಗತ ಕೂರುತ್ತಾನೆ, ಕೋಳಿ ಬೀಳುತ್ತದೆ, ತೆಂಗಿನಕಾಯಿ ಒಡೆಯುತ್ತದೆ, ಹೆಂಡದ ನಾಲ್ಕು ಹನಿ ನೆಲಕ್ಕೆ.

ಪಿಲಿಚಾಮುಂಡಿಗೆ ಕೈಮುಗಿದು ಬೆಳೆದ ಕರಾವಳಿಯವರಿಗೆ, ಹುಲಿಯೇರಿದ ಮಾದಪ್ಪನನ್ನು ಕಂಡ ಚಾಮರಾಜನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಘೋಬನ ಹುಟ್ಟಿನ ಕತೆ ಪಾಡಾದಿಂದ ಪಾಡಾಕ್ಕೆ ಬೇರೆಯಾಗುತ್ತದೆ. ಒಂದರಲ್ಲಿ ಅವನು ಹೆಣ್ಣೊಬ್ಬಳು ಹೆತ್ತ ಮಗ, ಬೇಕೆಂದಾಗ ಹುಲಿಯಾಗಿಬಿಡುವವನು. ಊರ ದನಕ್ಕೆ ಬಾಯಿ ಹಾಕತೊಡಗಿದ. ಊರವರು ಕೊಲ್ಲಲು ಹೊರಟಾಗ ತಾಯಿ ನಡುವೆ ನಿಂತು ರಾಜಿ ಮಾಡಿಸಿದಳು: ಅವನು ಕಾಡಿಗೆ ಹೋಗಬೇಕು, ಊರು ವರ್ಷಕ್ಕೊಮ್ಮೆ ಅವನ ಪಾಲು ಕೊಡಬೇಕು. ಇದರಲ್ಲಿ ಪ್ರೀತಿಗಿಂತ ಹೆಚ್ಚಾಗಿ ಕಾಣುವುದು ಕರಾರು. ಇಬ್ಬರಿಗೂ ಶರತ್ತುಗಳಿವೆ.

ವನ್ಯಜೀವಿ ಸಂಶೋಧಕರಾದ ರಮ್ಯಾ ನಾಯರ್, ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಈ ಗುಡಿಗಳನ್ನು ಹುಡುಕುತ್ತ ಮುಂಬಯಿ ಉಪನಗರ, ಠಾಣೆ, ಪಾಲ್ಘರ್ ಜಿಲ್ಲೆಗಳನ್ನು ಸುತ್ತಿದರು. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ದಾಖಲಾದ ವಾಘೋಬನ ಸ್ಥಾನಗಳು 150ಕ್ಕೂ ಹೆಚ್ಚು. ಚಿರತೆ ದನ ಹಿಡಿದರೆ ವಾರ್ಲಿಗೂ ಸಿಟ್ಟು ಬರುತ್ತದೆ, ನಷ್ಟವಾಗುತ್ತದೆ. ಆದರೆ ಆ ಸಿಟ್ಟನ್ನು ಹೊರಹಾಕಲು ಅವರ ಬಳಿ ಒಂದು ವ್ಯವಸ್ಥೆ ಇದೆ, ವಿಷದ ಮಾಂಸ ಇಡುವುದೊಂದೇ ದಾರಿಯಲ್ಲ. ಸಂಶೋಧಕರು ಒತ್ತಿ ಹೇಳಿದ್ದು ಇದನ್ನು.

ಇಂಥ ವ್ಯವಸ್ಥೆ ಇಲ್ಲದ ನಗರ ಏನು ಮಾಡಿತು ನೋಡಿ. ಪುಣೆ ಜಿಲ್ಲೆಯ ಜುನ್ನರ್ ಕಡೆಯ ಕಬ್ಬಿನ ಗದ್ದೆಗಳಲ್ಲಿ, ಬೇರೆಡೆಗಳಲ್ಲಿ ಬೋನಿಗೆ ಬಿದ್ದ ಚಿರತೆಗಳನ್ನು ಹಿಡಿದ ಜಾಗಕ್ಕಿಂತ ದೂರದ ಕಾಡುಗಳಿಗೆ ಸಾಗಿಸಿ ಬಿಡುತ್ತಿದ್ದ ಕಾಲವೊಂದಿತ್ತು. ಹಾಗೆ ತಂದು ಬಿಟ್ಟ ಕಾಡುಗಳಲ್ಲಿ ನಮ್ಮ ನ್ಯಾಷನಲ್ ಪಾರ್ಕೂ ಒಂದು. 2004ರ ಜೂನ್ ತಿಂಗಳೊಂದರಲ್ಲೇ ಉದ್ಯಾನದ ಸುತ್ತ ಚಿರತೆಯ ಬಾಯಿಗೆ ಬಿದ್ದವರ ಸಂಖ್ಯೆ ಎರಡಂಕಿಯ ಹತ್ತಿರ ಹೋಯಿತು. ಪೊವಾಯಿ, ಮುಲುಂಡ್, ಭಾಂಡೂಪ್‌ಗಳಲ್ಲಿ ಕತ್ತಲಾದರೆ ಜನ ಹೊರಬೀಳದಾದರು. ತಂದು ಬಿಟ್ಟ ಪ್ರಾಣಿ ತನ್ನ ಜಾಗ ಕಳೆದುಕೊಂಡು ಹೆಚ್ಚು ಅಪಾಯಕಾರಿಯಾಗುತ್ತದೆ ಎಂಬುದನ್ನು ಆತ್ರೇಯರ ಜುನ್ನರ್ ಅಧ್ಯಯನ ತೋರಿಸಿಕೊಟ್ಟಿತು.

2011ರಲ್ಲಿ ಉದ್ಯಾನದ ಮುಖ್ಯಸ್ಥರಾಗಿದ್ದ ಸುನೀಲ್ ಲಿಮಯೆ ಅವರು ಆತ್ರೇಯರ ಜೊತೆ ಸೇರಿ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ ಶುರುಮಾಡಿದರು. ಅರಣ್ಯ ಇಲಾಖೆ, ಪೊಲೀಸರು, ಪತ್ರಕರ್ತರು, ಹೌಸಿಂಗ್ ಸೊಸೈಟಿಗಳು ಒಂದೇ ಮೇಜಿಗೆ ಬಂದರು. ಹೇಳಿದ್ದು ಇಷ್ಟೇ: ಚಿರತೆ ಕಂಡ ತಕ್ಷಣ ಬೋನು ಕೇಳಬೇಡಿ, ಕಸ ತೆಗೆಯಿರಿ, ಕಸ ಹೋದರೆ ಬೀದಿನಾಯಿ ಹೋಗುತ್ತದೆ, ನಾಯಿ ಹೋದರೆ ಚಿರತೆ ಬರುವುದಿಲ್ಲ, ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಬಿಡಬೇಡಿ. ವರದಿಗಾರರಿಗೂ ‘ನರಭಕ್ಷಕ’ ಎಂಬ ಪದವನ್ನು ಜೋಪಾನವಾಗಿ ಬಳಸಲು ಕಲಿಸಿದರು. ಪಾಡಾದ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದದ್ದಕ್ಕಿಂತ ಇದು ತೀರ ಬೇರೆಯೇನಲ್ಲ. ಪವರ್‌ಪಾಯಿಂಟ್ ಒಂದು ಸೇರಿತ್ತು, ಅಷ್ಟೇ.

ದಾಳಿಗಳು ಇಳಿದವು, ಚಿರತೆಗಳು ಇಳಿಯಲಿಲ್ಲ. ಕ್ಯಾಮೆರಾ ಬಲೆಗೆ ಸಿಕ್ಕ ಚಿರತೆಗಳ ಲೆಕ್ಕ 2015ರಲ್ಲಿ 35, 2018ರಲ್ಲಿ 47, 2024ರಲ್ಲಿ 54.

ಎಲ್ಲವೂ ಸುಸೂತ್ರ ಎಂದು ಬರೆದರೆ ಸುಳ್ಳಾಗುತ್ತದೆ. 2021ರಲ್ಲಿ ಆರೆಯಲ್ಲಿ ಸಾಲು ಸಾಲು ದಾಳಿಗಳಾದವು. 2022ರ ದೀಪಾವಳಿಯ ಬೆಳಗಿನ ಜಾವ ಅಲ್ಲೇ ಒಂದೂವರೆ ವರ್ಷವೂ ತುಂಬದ ಮಗುವನ್ನು ಚಿರತೆ ಹೊತ್ತೊಯ್ದಿತು. ಬೀದಿದೀಪವಿಲ್ಲದ ದಾರಿ, ಮನೆಯೊಳಗೆ ಶೌಚಾಲಯವಿಲ್ಲದ ಊರು ಇದ್ದಲ್ಲಿ ಅಪಾಯ ಹೆಚ್ಚು. ಅವೆರಡಕ್ಕೂ ಬೇಕಾದ್ದು ಮೇಲೆ ಹೇಳಿದ ಅದೇ ಪತ್ರ.

▪ ಕಾರ್ವಿಯ ಲೆಕ್ಕ
ರಾಷ್ಟ್ರೀಯ ಉದ್ಯಾನದ ಇಳಿಜಾರುಗಳಲ್ಲಿ ಬೆಳೆಯುವ ಕಾರ್ವಿ ನಮ್ಮ ಪಶ್ಚಿಮಘಟ್ಟದ ಕುರಿಂಜಿಯ ಬಳಗ. ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೀಲಿಯಾಗುತ್ತದೆ. 2016ರಲ್ಲಿ, ಮತ್ತೆ 2024ರಲ್ಲಿ ಅರಳಿತು. ಬೀಜ ಉದುರಿಸಿ ಗಿಡ ಸಾಯುತ್ತದೆ. ಒಣಗಿ ನಿಂತ ಆ ಕೋಲುಗಳನ್ನು ಹೆಣೆದು, ಮಣ್ಣು-ಸೆಗಣಿ ಮೆತ್ತಿದರೆ ವಾರ್ಲಿ ಮನೆಯ ಗೋಡೆ. ಆ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆದದ್ದೇ ಜಗತ್ತು ಮೆಚ್ಚಿದ ವಾರ್ಲಿ ಚಿತ್ತಾರ. ಅದನ್ನು ಕಾಗದ, ಬಟ್ಟೆಗೆ ತಂದ ಡಹಾಣು ಸೀಮೆಯ ಜಿವ್ಯಾ ಸೋಮಾ ಮ್ಹಸೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು.

ಕೂಲಿಯೋ, ಪಾಲೋ

ಹಾಗಾದರೆ ಅರಣ್ಯ ಇಲಾಖೆ ಮತ್ತು ಪಾಡಾಗಳ ನಡುವೆ ಸಹಕಾರ ಇಲ್ಲವೇ? ಇದೆ, ಧಾರಾಳವಾಗಿದೆ. ರಾತ್ರಿ ಗಸ್ತಿನ ಕಾವಲುಗಾರ, ಬೇಸಿಗೆಯಲ್ಲಿ ಬೆಂಕಿ ಆರಿಸುವವನು, ಸಂಶೋಧಕರಿಗೆ ದಾರಿ ತೋರಿಸುವವನು, ನರ್ಸರಿಯಲ್ಲಿ ಸಸಿಗೆ ನೀರು ಹಾಕುವವಳು, ಈ ಕೆಲಸಗಳಿಗೆಲ್ಲ ಪಾಡಾದ ಕೈಗಳೇ ಬೇಕು. ಕಾನ್ಹೇರಿ ಗುಹೆಗಳ ದಾರಿಯಲ್ಲಿ ಉಪ್ಪು-ಖಾರ ಹಚ್ಚಿದ ಸೌತೆಕಾಯಿ, ಬೋರೆಹಣ್ಣು ಮಾರುವವರೂ ಅವರೇ.

ಆದರೆ ಇದು ಕೂಲಿಯ ಸಂಬಂಧ. ಎಲ್ಲಿ ಯಾವ ಗಿಡ ನೆಡಬೇಕು, ಯಾವ ತೊರೆಗೆ ಒಡ್ಡು ಬೇಕು, ಯಾವ ದಾರಿ ಮುಚ್ಚಬಾರದು ಎಂದು ತೀರ್ಮಾನಿಸುವ ಸಭೆಯಲ್ಲಿ ಅವರಿಗೆ ಕುರ್ಚಿ ಇಲ್ಲ.

ಈ ವಿಚಾರದಲ್ಲಿ ನಾವು ಕರ್ನಾಟಕದವರು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೂರು ದಶಕಕ್ಕೂ ಮೀರಿ ದಿನಗೂಲಿ ಮಾಡಿದರು. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಎಂಬ ಅವರ ಜ್ಞಾನದಿಂದ ಇಲಾಖೆಯ ನೆಡುತೋಪುಗಳು ಎದ್ದವು. ಕೆಲಸ ಕಾಯಂ ಆದದ್ದು ಬಹಳ ತಡವಾಗಿ, ಪದ್ಮಶ್ರೀ ಇನ್ನೂ ತಡವಾಗಿ. 2024ರ ಡಿಸೆಂಬರ್ 16ರಂದು ತೀರಿಕೊಂಡಾಗ ನಾವೆಲ್ಲ ‘ವೃಕ್ಷಮಾತೆ’ ಎಂದು ಶೀರ್ಷಿಕೆ ಕೊಟ್ಟೆವು.

ಆದರೂ ದಾರಿ ತೋರಿಸಿದ ಉದಾಹರಣೆಯೊಂದು ನಮ್ಮಲ್ಲೇ ಇದೆ. 2011ರ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿನ ಸೋಲಿಗ ಆದಿವಾಸಿಗಳನ್ನು ಕೆಳಗಿಳಿಸುತ್ತಾರೆಂಬ ಭಯ ಹಬ್ಬಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಹೀಗಾದದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವುದು ಅದರಿಂದ ಕಳ್ಳತನವಾಗಿ ಉಳಿಯಲಿಲ್ಲ.

ಸೋಲಿಗರು ಅಲ್ಲಿಗೇ ನಿಲ್ಲಲಿಲ್ಲ. ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಜೊತೆ ಕುಳಿತು ತಮ್ಮ ಕುಲಗಳ ಎಲ್ಲೆ, ಅದರೊಳಗಿನ ದೇವರು, ವೀರ, ಅಬ್ಬಿ, ಕಲ್ಲುಗುಡಿ ಎಲ್ಲವನ್ನೂ ನಕ್ಷೆಗೆ ಇಳಿಸಿದರು. ತಾವು ಹಿಂದೆ ಹಾಕುತ್ತಿದ್ದ ‘ತರಗು ಬೆಂಕಿ’ಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಕಾಡು ನುಂಗಿದ್ದು ಎಂದು ಅಧಿಕಾರಿಗಳ ಮುಖಕ್ಕೇ ವಾದಿಸಿದರು. ವಿಜ್ಞಾನಿಗಳು ಆ ಮಾತನ್ನು ಗಂಭೀರವಾಗಿ ತೂಗಿ ನೋಡಿ ಅದರಲ್ಲಿ ಹುರುಳಿದೆ ಎಂದಿದ್ದಾರೆ. ಹಕ್ಕುಪತ್ರ ಕೈಯಲ್ಲಿದ್ದಾಗ ಮಾತಿನ ಧಾಟಿ ಬೇರೆಯಾಗುತ್ತದೆ. ಅದೇ ರಾಜ್ಯದ ನಾಗರಹೊಳೆಯಲ್ಲಿ ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ತಮ್ಮ ಹಳೆಯ ಹಾಡಿಗೆ ತಾವೇ ಮರಳಿ ಹೋಗಿ ಇಲಾಖೆಯ ಎದುರು ನಿಲ್ಲಬೇಕಾಯಿತು ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು.

ಇನ್ನೂ ದೂರ ಹೋಗುವುದಾದರೆ ಆಸ್ಟ್ರೇಲಿಯಾ. ಮರುಭೂಮಿಯ ನಡುವೆ ಕೆಂಪು ಬಂಡೆ ಉಲೂರು. ಅದರ ಒಡೆತನವನ್ನು 1985ರ ಅಕ್ಟೋಬರ್ 26ರಂದು ಸರ್ಕಾರ ಅನಾಂಗು ಮೂಲನಿವಾಸಿಗಳಿಗೆ ಬಿಟ್ಟುಕೊಟ್ಟಿತು. ಅವರು ಅದನ್ನು 99 ವರ್ಷದ ಗುತ್ತಿಗೆಗೆ ಮತ್ತೆ ರಾಷ್ಟ್ರೀಯ ಉದ್ಯಾನಗಳ ಆಡಳಿತಕ್ಕೇ ಕೊಟ್ಟರು. ಆಡಳಿತ ಮಂಡಳಿಯಲ್ಲಿ ಅನಾಂಗುಗಳದ್ದೇ ಬಹುಮತ. ತಮ್ಮ ಪವಿತ್ರ ಬಂಡೆಯನ್ನು ಪ್ರವಾಸಿಗರು ಹತ್ತಬಾರದು ಎಂದು ಆ ಮಂಡಳಿ ತೀರ್ಮಾನಿಸಿತು, 2019ರ ಅಕ್ಟೋಬರ್ 26ರಿಂದ ಹತ್ತುವುದು ನಿಂತೇಹೋಯಿತು. ಆರೆಯಲ್ಲಿ ಗರಗಸ ಓಡಿದ ತಿಂಗಳೇ ಅದು.

ಮುಂಬಯಿಯ ನೆಲದ ಬೆಲೆ ಗೊತ್ತಿದ್ದವರು ಒಡೆತನ ಎಂದರೆ ನಗುತ್ತಾರೆ. ಒಡೆತನ ಬಿಡಿ, ಮಂಡಳಿಯಲ್ಲಿ ಕುರ್ಚಿಯಾದರೂ ಇರಲಿ.

ನೆಲದಡಿಯ ದಾರಿಗಳು

ಆ ಕುರ್ಚಿಯ ಮಾತಿಗೆ ಈಗ ಅವಸರವಿದೆ. 2024ರ ಜುಲೈನಲ್ಲಿ ಎರಡು ಸುರಂಗ ಯೋಜನೆಗಳಿಗೆ ಪ್ರಧಾನಿ ಚಾಲನೆ ಕೊಟ್ಟರು: ಗೋರೆಗಾಂವ್-ಮುಲುಂಡ್ ಜೋಡುರಸ್ತೆಯ ಸುರಂಗ ಮತ್ತು ಬೊರಿವಲಿ-ಠಾಣೆ ಅವಳಿ ಸುರಂಗ. ಎರಡೂ ಉದ್ಯಾನದ ಅಡಿಯಲ್ಲೇ ಹೋಗುತ್ತವೆ. ಸುರಂಗ ಕಾಡಿನ ಕೆಳಗೆ ಸಾಗಿದರೂ ಅದರ ಬಾಯಿ ಎಲ್ಲೋ ಒಂದು ಕಡೆ ನೆಲದ ಮೇಲೆ ತೆರೆಯಬೇಕಲ್ಲ. ಅಲ್ಲಿ ಮರಗಳಿರುತ್ತವೆ, ಅಂಚಿನಲ್ಲಿ ಪಾಡಾ ಇರುತ್ತದೆ. ಬೊರಿವಲಿಯಿಂದ ಠಾಣೆಗೆ ಘೋಡಬಂದರ್ ರಸ್ತೆಯಲ್ಲಿ ಗಂಟೆಗಟ್ಟಲೆ ತೆವಳಿದವರು ಈ ಸುರಂಗ ಬೇಡ ಎನ್ನಲಾರರು, ನಾನೂ ಎನ್ನುವುದಿಲ್ಲ. ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ಮೊದಲೇ ಕೇಳುವುದು ನಾಗರಿಕರ ಕೆಲಸ.

ಪರಿಸರದ ದೃಷ್ಟಿಯಿಂದಲೂ ಪಾಡಾಗಳನ್ನು ಉಳಿಸುವುದು ಬರೀ ದಾನಧರ್ಮದ ಮಾತಲ್ಲ. 1860ರಲ್ಲಿ ಕಟ್ಟಿದ ವಿಹಾರ್, 1879ರ ತುಳಸಿ ಕೆರೆಗಳು ಈ ಕಾಡಿನ ಮಡಿಲಲ್ಲೇ ಇವೆ, ಇಂದಿಗೂ ನಗರಕ್ಕೆ ನೀರು ಕೊಡುತ್ತಿವೆ. ಮೀಠಿ ನದಿ ಹುಟ್ಟುವುದೂ ಇಲ್ಲೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಆ ನದಿ ಏನು ಮಾಡಿತೆಂದು ಕುರ್ಲಾ, ಕಲಿನಾದ ನಮ್ಮವರನ್ನು ಕೇಳಿ. ಮೀಠಿಯ ಮೇಲುಭಾಗದಲ್ಲಿ ಮಳೆನೀರು ಇಂಗುವ ಮಣ್ಣು ಉಳಿದಿದ್ದರೆ ಅದಕ್ಕೆ ಅಲ್ಲಿ ಗದ್ದೆ ಮಾಡಿಕೊಂಡು, ಕಾಂಕ್ರೀಟು ಹಾಕದೆ ಬದುಕಿದವರೂ ಒಂದು ಕಾರಣ.

ಮಾಡಬೇಕಾದ್ದು ಅಷ್ಟೇನೂ ನಿಗೂಢವಲ್ಲ. ಆರೆಯ ಅರಣ್ಯಭೂಮಿಯಲ್ಲಿ ಮತ್ತು ಉದ್ಯಾನದಲ್ಲಿ ಪಾಡಾವಾರು ಸಭೆ ಸೇರಿಸಿ ಹಕ್ಕಿನ ಅರ್ಜಿಗಳನ್ನು ಪಡೆದು ಇತ್ಯರ್ಥ ಮಾಡುವುದು. ಅಲ್ಲಿಯ ತನಕ ಯಾರನ್ನೂ ಎಬ್ಬಿಸದಿರುವುದು. ಕರೆಂಟು, ನೀರು, ಶೌಚಾಲಯಕ್ಕೆ ಇಲಾಖೆಯಿಂದ ಇಲಾಖೆಗೆ ಅಲೆಸದಿರುವುದು. ಉದ್ಯಾನದ ನಿರ್ವಹಣೆ ತೀರ್ಮಾನಿಸುವ ಸಮಿತಿಗಳಲ್ಲಿ ಪಾಡಾದವರನ್ನು ಸದಸ್ಯರನ್ನಾಗಿ ಕೂರಿಸುವುದು. ಇದರಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಡ.

ಓದುಗರಿಗೊಂದು ಮಾತು. ಮರ ಕಡಿಯುವ ಮುನ್ನ ಪಾಲಿಕೆಯ ವೃಕ್ಷ ಪ್ರಾಧಿಕಾರ ಆಕ್ಷೇಪಣೆ ಕರೆಯುತ್ತದೆ. ಪತ್ರಿಕೆಯ ಮೂಲೆಯಲ್ಲಿ, ಮರದ ಕಾಂಡಕ್ಕೆ ಅಂಟಿಸಿದ ಚೀಟಿಯಲ್ಲಿ ಅದು ಬಂದು ಹೋಗುತ್ತದೆ. ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಯೋಜನೆಗೂ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಗೋರೆಗಾಂವ್‌ನಿಂದ ಠಾಣೆಯವರೆಗೆ ನಮ್ಮ ಕನ್ನಡ ಸಂಘಗಳಿವೆ, ಜಾತಿ ಸಂಘಗಳಿವೆ, ಯಕ್ಷಗಾನ ಮಂಡಳಿಗಳಿವೆ. ವಾರ್ಷಿಕೋತ್ಸವದ ಆಮಂತ್ರಣ ಬರೆಯುವ ಕೈಯಿಂದಲೇ ಆ ಪ್ರಕಟಣೆಗಳಿಗೆ ಒಂದು ಪುಟದ ಉತ್ತರ ಬರೆಯಬಹುದು. ಮರಾಠಿಯಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ಮರಗಳ ಬಗ್ಗೆ ಎರಡು ಸಾಲು ಬರೆದರೆ ಪಾಡಾಗಳ ಬಗ್ಗೆ ಒಂದು ಸಾಲನ್ನಾದರೂ ಸೇರಿಸಿ, ಕೊನೆಯ ದಿನಾಂಕ ಮುಗಿಯುವ ಮೊದಲು ಕಳಿಸಿ.